ಬಜ್ಪೆಯಿಂದ ಕರಿಪ್ಪೂರಿನವರೆಗೆ: ವಿಮಾನ ಸಂಸ್ಥೆಗಳು ರಿಸ್ಕನ್ನು ನಿಭಾಯಿಸುವುದು ಹೇಗೆ?

ಮಂಗಳೂರು ವಿಮಾನ ದುರಂತದ ಮಾತು ಬಂದಾಗಲೆಲ್ಲ ನಮ್ಮ ಕಡೆ ಎರಡು ಉತ್ತರ ಕೇಳಿ ಬರುತ್ತದೆ. ಒಂದು, ‘ಪೈಲಟ್ ನಿದ್ದೆ ಮಾಡಿದ’. ಇನ್ನೊಂದು, ‘ಬಜ್ಪೆಯ ರನ್‌ವೇ ಗುಡ್ಡದ ಮೇಲೆ ಉಂಟಲ್ಲ, ಅದಕ್ಕೇ ಆಯ್ತು’. ಎರಡೂ ಸುಳ್ಳಲ್ಲ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಮುಖ್ಯ ಪ್ರಶ್ನೆ ಉಳಿದು ಬಿಡುತ್ತದೆ. ಪೈಲಟ್ ದಣಿಯುತ್ತಾನೆ, ರನ್‌ವೇ ಗುಡ್ಡದ ಮೇಲಿದೆ ಅಂತ ಮೊದಲೇ ಗೊತ್ತಿತ್ತಲ್ಲ? ಗೊತ್ತಿದ್ದ ಅಪಾಯಕ್ಕೆ ಸಂಸ್ಥೆಗಳು ಮೊದಲೇ ಏನು ಮಾಡಿಟ್ಟಿದ್ದವು?

ವಿಮಾನಯಾನದಲ್ಲಿ ಈ ಪ್ರಶ್ನೆಗೆ ಒಂದು ಶಾಸ್ತ್ರವೇ ಇದೆ. ಅದರ ಹೆಸರು ಸೇಫ್ಟಿ ಮ್ಯಾನೇಜ್‌ಮೆಂಟ್ ಸಿಸ್ಟಮ್, ಚಿಕ್ಕದಾಗಿ ಎಸ್‌ಎಂಎಸ್. ಮೊಬೈಲಿನ ಎಸ್‌ಎಂಎಸ್‌ಗೂ ಇದಕ್ಕೂ ಸಂಬಂಧವಿಲ್ಲ. ನಾನು ವಾಣಿಜ್ಯ ಪದವಿ ಓದಿ ವ್ಯಾಪಾರ ಮಾಡುವವನು, ವಿಮಾನದ ಎಂಜಿನಿಯರ್ ಅಲ್ಲ. ಆದರೂ ಇದನ್ನು ಓದುತ್ತಾ ಹೋದಾಗ ಆಡಿಟ್, ಸ್ಟಾಕ್ ಪುಸ್ತಕ, ನಷ್ಟಕ್ಕೆ ಮುಂಚೆಯೇ ತೆಗೆದಿಡುವ ಹಣ ಇವೆಲ್ಲದರ ಹಿಂದಿರುವ ಬುದ್ಧಿಯೇ ಇಲ್ಲೂ ಇದೆ ಅನಿಸಿತು. ಗಲ್ಫ್‌ಗೆ ಹೋಗಿ ಬರುವವರು ಇಲ್ಲದ ಮನೆ ನಮ್ಮಲ್ಲಿ ಕಡಿಮೆ. ಹಾಗಾಗಿ ಈ ವ್ಯವಸ್ಥೆ ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಕೈ ಕೊಡುತ್ತದೆ ಎಂಬುದು ನಮಗೆ ತಿಳಿದಿರಬೇಕು.

ಅಪಾಯ ಬೇರೆ, ರಿಸ್ಕ್ ಬೇರೆ

ಮೊದಲು ಎರಡು ಶಬ್ದ ಬಿಡಿಸಿಕೊಳ್ಳೋಣ. ಹಾನಿ ಮಾಡಬಲ್ಲ ವಸ್ತು ಅಥವಾ ಸ್ಥಿತಿಗೆ ‘ಹಝಾರ್ಡ್’ ಅನ್ನುತ್ತಾರೆ, ಅಂದರೆ ಅಪಾಯದ ಮೂಲ. ರನ್‌ವೇಯ ಕೊನೆಯಲ್ಲಿ ಕಣಿವೆ ಇರುವುದು ಹಝಾರ್ಡ್. ಆ ಕಣಿವೆಗೆ ವಿಮಾನ ಬೀಳುವ ಸಾಧ್ಯತೆ ಎಷ್ಟು, ಬಿದ್ದರೆ ಆಗುವ ಹಾನಿ ಎಷ್ಟು, ಈ ಎರಡನ್ನು ಸೇರಿಸಿ ಅಳೆದದ್ದು ‘ರಿಸ್ಕ್’.

ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ (ಐಕಾವೊ) ಇದಕ್ಕೊಂದು ಕೋಷ್ಟಕ ಕೊಟ್ಟಿದೆ. ಘಟನೆ ಎಷ್ಟು ಸಲ ಆಗಬಹುದು ಎಂಬುದಕ್ಕೆ 5ರಿಂದ 1ರವರೆಗೆ ಅಂಕಿ. 5 ಅಂದರೆ ಪದೇ ಪದೇ ಆಗುವಂಥದ್ದು, 1 ಅಂದರೆ ಆಗುವ ಸಂಭವ ಬಹುತೇಕ ಇಲ್ಲ. ಹಾನಿಯ ತೀವ್ರತೆಗೆ ‘ಎ’ಯಿಂದ ‘ಇ’ವರೆಗೆ ಅಕ್ಷರ. ‘ಎ’ ಅಂದರೆ ವಿಮಾನವೂ ಜೀವವೂ ಹೋಗುವಂಥ ಮಹಾ ದುರಂತ, ‘ಇ’ ಅಂದರೆ ಲೆಕ್ಕಕ್ಕಿಲ್ಲದಷ್ಟು ಚಿಕ್ಕದು. ಎರಡನ್ನೂ ಸೇರಿಸಿದರೆ 3ಎ, 2ಸಿ ಹೀಗೆ ಗುರುತು ಸಿಗುತ್ತದೆ. 3ಎ ಬಂದರೆ ಒಪ್ಪುವಂತಿಲ್ಲ, ಕೆಲಸ ನಿಲ್ಲಿಸಿ ಸರಿ ಮಾಡಬೇಕು. 2ಎ ಬಂದರೆ ತಕ್ಕ ಮುಂಜಾಗ್ರತೆ ಇಟ್ಟುಕೊಂಡು ಮುಂದುವರಿಯಬಹುದು.

ಗುಡ್ಡ ಅಗೆದು ಮಟ್ಟ ಮಾಡಿದ ಟೇಬಲ್‌ಟಾಪ್ ರನ್‌ವೇಗೆ ಈ ಕೋಷ್ಟಕ ಹಾಕಿ ನೋಡಿ. ಅಂಚು ದಾಟಿದರೆ ಹಾನಿ ‘ಎ’. ಗುಡ್ಡವನ್ನು ಬದಲಿಸಲು ಆಗುವುದಿಲ್ಲ, ಹಾಗಾಗಿ ಅಕ್ಷರ ಬದಲಾಗುವುದಿಲ್ಲ. ಬದಲಾಯಿಸಲು ಆಗುವುದು ಅಂಕಿಯನ್ನು ಮಾತ್ರ. ಅಂದರೆ ವಿಮಾನ ಅಂಚಿನವರೆಗೆ ಹೋಗುವ ಪ್ರಸಂಗವೇ ಬಾರದ ಹಾಗೆ ನೋಡಿಕೊಳ್ಳಬೇಕು. ಪೈಲಟ್ ತರಬೇತಿ, ರಾಡಾರ್, ನಿದ್ದೆಯ ನಿಯಮ, ರನ್‌ವೇ ಕೊನೆಯ ಸುರಕ್ಷಾ ಜಾಗ ಎಲ್ಲವೂ ಇರುವುದು ಆ ಅಂಕಿಯನ್ನು ಇಳಿಸುವುದಕ್ಕೆ.

ನಾನು ಈಗ ಇರುವ ಸೆಟ್ಟೂರು ಅನಂತಪುರ ಜಿಲ್ಲೆಯಲ್ಲಿ ಕಲ್ಯಾಣದುರ್ಗದ ಪಕ್ಕ, ಕರ್ನಾಟಕದ ಗಡಿಗೆ ಹತ್ತಿರ. ಇಲ್ಲಿಯವರು ವಿದೇಶಕ್ಕೆ ಹೋಗಬೇಕಾದರೆ ಬೆಂಗಳೂರಿಗೆ ಬಸ್ಸು ಹತ್ತುತ್ತಾರೆ. ಬೆಂಗಳೂರು ವಿಮಾನ ನಿಲ್ದಾಣದಲ್ಲಿ ತಲಾ 4,000 ಮೀಟರಿನ ಎರಡು ರನ್‌ವೇ, ಸುತ್ತಲೂ ಸಮತಟ್ಟು ನೆಲ. ಬಜ್ಪೆಯಲ್ಲಿ 2010ರಲ್ಲಿ ದುರಂತ ನಡೆದ ರನ್‌ವೇ 2,450 ಮೀಟರ್, ಕೊನೆಯಲ್ಲಿ ಕಣಿವೆ. ಇದರರ್ಥ ಬಜ್ಪೆಯಲ್ಲಿ ಇಳಿಯಲೇ ಬಾರದು ಅಂತಲ್ಲ. ಬೋಯಿಂಗ್ 737ಕ್ಕೆ 2,450 ಮೀಟರ್ ಸಾಕು. ಆದರೆ ಬೆಂಗಳೂರಿನಲ್ಲಿ ಮಾಫಿಯಾಗುವ ತಪ್ಪು ಬಜ್ಪೆಯಲ್ಲಿ ಮಾಫಿಯಾಗುವುದಿಲ್ಲ. ಆದ್ದರಿಂದ ಮುಂಜಾಗ್ರತೆಯ ಪದರಗಳು ಅಲ್ಲಿ ಹೆಚ್ಚು ಗಟ್ಟಿ ಇರಬೇಕು.

2010ರ ಮೇ 22ರಂದು ನಡೆದದ್ದು

ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಐಎಕ್ಸ್-812 ವಿಮಾನ ದುಬೈಯಿಂದ ಹೊರಟು ಶನಿವಾರ ಬೆಳಗ್ಗೆ 6 ಗಂಟೆ ಕಳೆದು ಕೆಲವೇ ನಿಮಿಷಕ್ಕೆ ಬಜ್ಪೆಯಲ್ಲಿ ಇಳಿಯಿತು. ವಿಮಾನದಲ್ಲಿ ಸಿಬ್ಬಂದಿ ಸೇರಿ 166 ಮಂದಿ ಇದ್ದರು. ವಿಮಾನ ರನ್‌ವೇ ದಾಟಿ ಕೆಂಜಾರಿನ ಕಣಿವೆಗೆ ಬಿದ್ದು ಬೆಂಕಿ ಹತ್ತಿಕೊಂಡಿತು. 158 ಮಂದಿ ತೀರಿಕೊಂಡರು. ಉಳಿದದ್ದು 8 ಮಂದಿ. ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡಿನ ಎಷ್ಟೋ ಮನೆಗಳ ದುಡಿಯುವ ಕೈಗಳು ಅಂದು ಹೋದವು.

ಕೇಂದ್ರ ಸರಕಾರ ವಾಯುಪಡೆಯ ನಿವೃತ್ತ ಉಪಮುಖ್ಯಸ್ಥ ಏರ್ ಮಾರ್ಷಲ್ ಬಿ.ಎನ್. ಗೋಖಲೆ ಅವರ ನೇತೃತ್ವದಲ್ಲಿ ತನಿಖಾ ನ್ಯಾಯಾಲಯ ರಚಿಸಿತು. ಅದರ ವರದಿಯಲ್ಲಿ ಇರುವ ಮುಖ್ಯ ಸಂಗತಿಗಳು ಇವು.

ಕ್ಯಾಪ್ಟನ್‌ಗೆ 10 ಸಾವಿರ ಗಂಟೆಗೂ ಮೀರಿದ ಹಾರಾಟದ ಅನುಭವ ಇತ್ತು. ಇಬ್ಬರೂ ಪೈಲಟ್‌ಗಳು ಹಿಂದಿನ ರಾತ್ರಿ ಮಂಗಳೂರಿನಿಂದ ದುಬೈಗೆ ವಿಮಾನ ಒಯ್ದು, ಅದೇ ರಾತ್ರಿ ಹಿಂದೆ ತರುತ್ತಿದ್ದರು. ಕಾಕ್‌ಪಿಟ್ ಧ್ವನಿಮುದ್ರಣ 2 ಗಂಟೆ 5 ನಿಮಿಷದ್ದು. ಅದರಲ್ಲಿ ಮೊದಲ 1 ಗಂಟೆ 40 ನಿಮಿಷ ಕ್ಯಾಪ್ಟನ್ ಮಾತೇ ಇಲ್ಲ, ಗೊರಕೆಯ ಸದ್ದು ಕೇಳುತ್ತದೆ. ಗಾಢ ನಿದ್ದೆಯಿಂದ ಎದ್ದ ಕೂಡಲೇ ಮಿದುಳು ಪೂರ್ತಿ ಎಚ್ಚರವಾಗಿರುವುದಿಲ್ಲ, ತೀರ್ಮಾನ ತೆಗೆದುಕೊಳ್ಳುವ ಶಕ್ತಿ ಕುಂದಿರುತ್ತದೆ. ಕ್ಯಾಪ್ಟನ್ ಆ ಸ್ಥಿತಿಯಲ್ಲಿ ಇದ್ದಿರಬೇಕು ಅಂತ ವರದಿ ಹೇಳಿತು.

ವಿಮಾನ ಇರಬೇಕಾದ ಎತ್ತರಕ್ಕಿಂತ ತುಂಬಾ ಮೇಲಿತ್ತು. ರನ್‌ವೇಯ ಆರಂಭವನ್ನು 50 ಅಡಿ ಎತ್ತರದಲ್ಲಿ ದಾಟಬೇಕಿತ್ತು, ದಾಟಿದ್ದು ಸುಮಾರು 200 ಅಡಿಯಲ್ಲಿ. ವೇಗ 144 ನಾಟ್ ಇರಬೇಕಾದಲ್ಲಿ 160 ನಾಟ್. ಚಕ್ರ ನೆಲಕ್ಕೆ ತಾಗಿದ್ದು ರನ್‌ವೇಯ ಸುಮಾರು 5,200 ಅಡಿ ಕಳೆದ ಮೇಲೆ. ರನ್‌ವೇ ಇದ್ದದ್ದೇ 8,033 ಅಡಿ. ಬ್ರೇಕ್ ಹಾಕಲು ಶುರು ಮಾಡಿದ ಕ್ಯಾಪ್ಟನ್ ಮತ್ತೆ ಮೇಲೇರಲು ಪ್ರಯತ್ನಿಸಿದರು. ಅಷ್ಟರಲ್ಲಿ ಕಾಲ ಮೀರಿತ್ತು.

ಇದಕ್ಕೆಲ್ಲ ಮುಂಚೆ ಸಹ ಪೈಲಟ್ ‘ಗೋ ಅರೌಂಡ್’ ಅಂತ ಮೂರು ಸಲ ಹೇಳಿದ್ದರು. ಅಂದರೆ ಇಳಿಸಬೇಡಿ, ಮೇಲೆ ಹೋಗಿ ಸುತ್ತಿ ಬರೋಣ ಅಂತ. ವಿಮಾನದ ಯಂತ್ರವೂ ಎಚ್ಚರಿಕೆ ಕೂಗುತ್ತಿತ್ತು. ಎರಡನ್ನೂ ಕೇಳದೆ ಇಳಿಸಲು ಹೋದದ್ದೇ ದುರಂತಕ್ಕೆ ನೇರ ಕಾರಣ ಅಂತ ವರದಿ ತೀರ್ಮಾನಿಸಿತು.

ನೀರ್‌ದೋಸೆಯ ತೂತುಗಳು

ಇಲ್ಲಿಗೆ ‘ಪೈಲಟ್ ತಪ್ಪು’ ಅಂತ ಫೈಲ್ ಮುಚ್ಚಬಹುದಿತ್ತು. ಆದರೆ ಅದೇ ವರದಿ ಇನ್ನೂ ಕೆಲವು ಸಂಗತಿ ಹೇಳುತ್ತದೆ.

ಮಂಗಳೂರಿನ ರಾಡಾರ್ ಆ ದಿನಗಳಲ್ಲಿ ಕೆಟ್ಟು ನಿಂತಿತ್ತು. ಹಾಗಾಗಿ ವಿಮಾನಕ್ಕೆ ಕೆಳಗಿಳಿಯಲು ಅನುಮತಿ ಸಿಕ್ಕಿದ್ದು ಮಾಮೂಲಿಗಿಂತ ಹತ್ತಿರ ಬಂದ ಮೇಲೆ. ಸಿಕ್ಕಿದ ದೂರಕ್ಕೆ ತಕ್ಕಂತೆ ಪೈಲಟ್‌ಗಳು ಇಳಿಯುವ ಲೆಕ್ಕ ಹಾಕಲಿಲ್ಲ. ಇಡೀ ಪಯಣ ನಡೆದದ್ದು ದೇಹ ನಿದ್ದೆ ಬೇಡುವ ಹೊತ್ತಿನಲ್ಲಿ. ಸಹ ಪೈಲಟ್ ಯಾವಾಗ ನಿಯಂತ್ರಣವನ್ನು ತನ್ನ ಕೈಗೆ ತೆಗೆದುಕೊಳ್ಳಬಹುದು ಎಂಬ ಬಗ್ಗೆ ಸೂಚನೆಗಳು ಸ್ಪಷ್ಟವಿರಲಿಲ್ಲ. ಹಾಗಾಗಿ ಅವರು ಕೂಗಿ ಹೇಳಿದರೇ ವಿನಾ ಕೈ ಹಾಕಲಿಲ್ಲ. ರನ್‌ವೇ ಕೊನೆಯ ಸುರಕ್ಷಾ ಜಾಗ ಕನಿಷ್ಠ ಮಿತಿಯಾದ 90 ಮೀಟರ್ ಮಾತ್ರ. ಐಕಾವೊ ಶಿಫಾರಸು 240 ಮೀಟರ್. ಓಡುವ ವಿಮಾನವನ್ನು ತಡೆಯಲು ಅಲ್ಲಿ ಹಾಕಿದ್ದ ಮರಳಿನ ಹಾಸಿನಲ್ಲಿ ಗಿಡಗಂಟಿ ಬೆಳೆದಿತ್ತು. ಅದೇ ಜಾಗದಾಚೆ ಸಿಗ್ನಲ್ ಆಂಟೆನಾವನ್ನು ಗಟ್ಟಿ ಕಾಂಕ್ರೀಟಿನ ಮೇಲೆ ಕೂರಿಸಲಾಗಿತ್ತು. ವಿಮಾನದ ಬಲ ರೆಕ್ಕೆ ಅದಕ್ಕೇ ಬಡಿಯಿತು. ಇಂಥ ಜಾಗದಲ್ಲಿ ಇರಬೇಕಾದದ್ದು ತಾಗಿದ ಕೂಡಲೇ ಮುರಿದು ಬೀಳುವ ರಚನೆ.

ಬ್ರಿಟನ್‌ನ ಮನಶ್ಶಾಸ್ತ್ರಜ್ಞ ಜೇಮ್ಸ್ ರೀಸನ್ ಇದನ್ನು ತೂತಿರುವ ಸ್ವಿಸ್ ಚೀಸ್‌ನ ಹೋಲಿಕೆ ಕೊಟ್ಟು ವಿವರಿಸಿದರು. ನಮಗೆ ನೀರ್‌ದೋಸೆ ಸಾಕು. ಒಂದು ನೀರ್‌ದೋಸೆ ಎತ್ತಿ ಹಿಡಿದರೆ ತೂತಿನಿಂದ ಬೆಳಕು ಕಾಣುತ್ತದೆ. ಐದಾರು ದೋಸೆ ಒಂದರ ಮೇಲೊಂದು ಇಟ್ಟರೆ ಕಾಣುವುದಿಲ್ಲ, ಒಂದರ ತೂತನ್ನು ಇನ್ನೊಂದು ಮುಚ್ಚುತ್ತದೆ. ಸುರಕ್ಷತೆಯ ಪದರಗಳೂ ಹಾಗೆ. ಪ್ರತಿಯೊಂದರಲ್ಲೂ ತೂತು ಇದ್ದೇ ಇರುತ್ತದೆ. ಎಲ್ಲ ತೂತುಗಳೂ ಒಂದೇ ಸಾಲಿಗೆ ಬಂದ ದಿನ ಅಪಘಾತ ಆಗುತ್ತದೆ. ಕೊನೆಯ ತೂತು ಪೈಲಟ್‌ನದ್ದು, ಆದ್ದರಿಂದ ಎಲ್ಲರ ಕಣ್ಣಿಗೆ ಬೀಳುವುದು ಅದೇ. ಮರಳಿನಲ್ಲಿ ಗಿಡ ಬೆಳೆಯುವಾಗ, ರಾಡಾರ್ ಕೆಟ್ಟಾಗ, ಅಸ್ಪಷ್ಟ ಸೂಚನೆಗೆ ಸಹಿ ಬೀಳುವಾಗ ಯಾರೂ ಸಾಯುವುದಿಲ್ಲ, ಹಾಗಾಗಿ ಅದು ಸುದ್ದಿಯಾಗುವುದೂ ಇಲ್ಲ. ಸುದ್ದಿಯಾಗದ ಈ ತೂತುಗಳನ್ನು ಹುಡುಕಿ ಮುಚ್ಚುವುದೇ ಎಸ್‌ಎಂಎಸ್‌ನ ಕೆಲಸ.

ಎಸ್‌ಎಂಎಸ್‌ನ ನಾಲ್ಕು ಕಂಬಗಳು

ಐಕಾವೊ 2013ರಲ್ಲಿ ಜಾರಿಗೆ ತಂದ 19ನೇ ಅನುಬಂಧ ಪೂರ್ತಿ ಸುರಕ್ಷತಾ ನಿರ್ವಹಣೆಗೇ ಮೀಸಲು. ನಮ್ಮ ದೇಶದಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ (ಡಿಜಿಸಿಎ) ಇದನ್ನು ವಿಮಾನ ಕಂಪೆನಿ, ವಿಮಾನ ನಿಲ್ದಾಣ, ರಿಪೇರಿ ಸಂಸ್ಥೆ ಮುಂತಾದವುಗಳಿಗೆ ಕಡ್ಡಾಯ ಮಾಡಿದೆ. ಇದಕ್ಕೆ ನಾಲ್ಕು ಕಂಬ.

ಮೊದಲನೆಯದು ನೀತಿ ಮತ್ತು ಹೊಣೆ. ಸಂಸ್ಥೆಯಲ್ಲಿ ಒಬ್ಬ ‘ಅಕೌಂಟೆಬಲ್ ಮ್ಯಾನೇಜರ್’ ಇರಬೇಕು. ಸಾಮಾನ್ಯವಾಗಿ ಅವರು ಕಂಪೆನಿಯ ಮುಖ್ಯಸ್ಥರೇ. ಹಣ ಖರ್ಚು ಮಾಡುವ ಅಧಿಕಾರ ಯಾರಿಗಿದೆಯೋ ಸುರಕ್ಷತೆಯ ಹೊಣೆಯೂ ಅವರದೇ. ‘ನನಗೆ ಗೊತ್ತಿರಲಿಲ್ಲ, ಅದು ಕೆಳಗಿನವರ ಕೆಲಸ’ ಅಂತ ಅವರು ಜಾರಿಕೊಳ್ಳುವ ಹಾಗಿಲ್ಲ.

ಎರಡನೆಯದು ರಿಸ್ಕ್ ನಿರ್ವಹಣೆ. ಅಪಾಯದ ಮೂಲ ಗುರುತಿಸುವುದು, ಮೇಲೆ ಹೇಳಿದ ಕೋಷ್ಟಕದಲ್ಲಿ ಅಳೆಯುವುದು, ಕಡಿಮೆ ಮಾಡುವ ದಾರಿ ಹುಡುಕುವುದು, ಬರೆದಿಡುವುದು.

ಮೂರನೆಯದು ಖಾತರಿ. ಕಾಗದದಲ್ಲಿ ಬರೆದದ್ದು ನೆಲದ ಮೇಲೆ ನಡೆಯುತ್ತಿದೆಯೇ ಅಂತ ಪರೀಕ್ಷೆ. ಅಂಗಡಿಯವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಸ್ಟಾಕ್ ಪುಸ್ತಕದಲ್ಲಿ 40 ಚೀಲ ಅಂತ ಇದ್ದರೆ ಸಾಲದು, ಗೋಡೌನಿಗೆ ಹೋಗಿ ಎಣಿಸಬೇಕು. ಮರಳಿನ ಹಾಸು ನಕ್ಷೆಯಲ್ಲಿ ಇತ್ತು, ಆದರೆ ಗಿಡಗಂಟಿ ನಕ್ಷೆಯಲ್ಲಿ ಕಾಣುವುದಿಲ್ಲ. ವಿಮಾನಗಳ ಹಾರಾಟದ ದತ್ತಾಂಶವನ್ನು ತೆಗೆದು ನೋಡುವುದೂ ಈ ಕಂಬದ ಭಾಗ. ಯಾವ ನಿಲ್ದಾಣದಲ್ಲಿ ವಿಮಾನಗಳು ಪದೇ ಪದೇ ಎತ್ತರದಿಂದ, ವೇಗವಾಗಿ ಇಳಿಯುತ್ತಿವೆ ಎಂಬುದು ಅಪಘಾತ ಆಗುವ ಮೊದಲೇ ಅದರಲ್ಲಿ ಸಿಗುತ್ತದೆ.

ನಾಲ್ಕನೆಯದು ತರಬೇತಿ ಮತ್ತು ಪ್ರಚಾರ. ಲಗೇಜ್ ಹೊರುವವರಿಂದ ಹಿಡಿದು ಕ್ಯಾಪ್ಟನ್‌ವರೆಗೆ ಎಲ್ಲರಿಗೂ ತಮ್ಮ ಪಾಲು ತಿಳಿದಿರಬೇಕು.

ಕಿರಿಯನ ಮಾತಿಗೆ ಬೆಲೆ

ಈ ಎಲ್ಲದರ ನಡುವೆ ಅತ್ಯಂತ ಕಷ್ಟದ ಭಾಗ ಯಂತ್ರದ್ದಲ್ಲ, ಮನುಷ್ಯರದ್ದು.

1977ರ ಮಾರ್ಚ್ 27ರಂದು ಸ್ಪೇನ್‌ನ ಟೆನೆರಿಫ್ ದ್ವೀಪದಲ್ಲಿ ಎರಡು ಬೋಯಿಂಗ್ 747 ವಿಮಾನಗಳು ರನ್‌ವೇಯಲ್ಲೇ ಡಿಕ್ಕಿಯಾಗಿ 583 ಮಂದಿ ಸತ್ತರು. ಡಚ್ ಕಂಪೆನಿ ಕೆಎಲ್‌ಎಂನ ಕ್ಯಾಪ್ಟನ್ ಅತ್ಯಂತ ಹಿರಿಯರು. ಅನುಮತಿ ಸಿಗುವ ಮೊದಲೇ ಅವರು ಟೇಕಾಫ್ ಶುರು ಮಾಡಿದರು. ಇನ್ನೊಂದು ವಿಮಾನ ರನ್‌ವೇ ಬಿಟ್ಟಿಲ್ಲವೇನೋ ಅಂತ ಫ್ಲೈಟ್ ಎಂಜಿನಿಯರ್ ಸಂಶಯ ಎತ್ತಿದರು. ಕ್ಯಾಪ್ಟನ್ ಅದನ್ನು ತಳ್ಳಿ ಹಾಕಿದರು, ಮತ್ತೆ ಒತ್ತಿ ಹೇಳಲು ಯಾರಿಗೂ ಧೈರ್ಯ ಬರಲಿಲ್ಲ. ಇಂಥ ಅಪಘಾತಗಳ ಬಳಿಕ 1979ರಲ್ಲಿ ಅಮೆರಿಕದ ನಾಸಾ ನಡೆಸಿದ ಕಾರ್ಯಾಗಾರದಿಂದ ‘ಕ್ರೂ ರಿಸೋರ್ಸ್ ಮ್ಯಾನೇಜ್‌ಮೆಂಟ್’ ಎಂಬ ತರಬೇತಿ ಬೆಳೆಯಿತು. ಹಿರಿಯರು ಕೇಳಿಸಿಕೊಳ್ಳುವುದನ್ನು, ಕಿರಿಯರು ಗಟ್ಟಿಯಾಗಿ ಹೇಳುವುದನ್ನು ಇದರಲ್ಲಿ ಕಲಿಸುತ್ತಾರೆ.

ನಮ್ಮಲ್ಲಿ ಇದು ಇನ್ನೂ ಕಷ್ಟ. ದೊಡ್ಡವರು ತಪ್ಪು ಮಾಡುತ್ತಿದ್ದರೂ ಎದುರಿನಲ್ಲಿ ಹೇಳಬಾರದು ಅಂತ ಕಲಿತು ಬಂದವರು ನಾವು. ಮನೆಯಲ್ಲಿ ಅದು ಮರ್ಯಾದೆ ಇರಬಹುದು, ಕಾಕ್‌ಪಿಟ್‌ನಲ್ಲಿ ಅದೇ ಅಪಾಯ. ಆದ್ದರಿಂದ ಧೈರ್ಯವನ್ನು ಒಬ್ಬೊಬ್ಬರ ಸ್ವಭಾವಕ್ಕೆ ಬಿಡಬಾರದು, ನಿಯಮ ಮಾಡಬೇಕು. ‘ಸ್ಟೆಬಿಲೈಸ್ಡ್ ಅಪ್ರೋಚ್’ ಎಂಬ ನಿಯಮ ಅಂಥದ್ದು. ಮೋಡ, ಮಳೆ ಇರುವಾಗ 1,000 ಅಡಿ, ವಾತಾವರಣ ತಿಳಿಯಾಗಿದ್ದರೆ 500 ಅಡಿ ಎತ್ತರಕ್ಕೆ ಬರುವಷ್ಟರಲ್ಲಿ ವೇಗ, ಇಳಿಯುವ ಕೋನ, ಚಕ್ರ, ಫ್ಲ್ಯಾಪ್ ಎಲ್ಲ ಸರಿ ಇರಬೇಕು. ಇಲ್ಲಾಂದ್ರೆ ಚರ್ಚೆಯೇ ಇಲ್ಲ, ಗೋ ಅರೌಂಡ್. ಯಾರು ಹಿರಿಯರು ಎಂಬ ಪ್ರಶ್ನೆಯೇ ಅಲ್ಲಿ ಬರಬಾರದು.

ಹತ್ತು ವರ್ಷದ ನಂತರ ಕರಿಪ್ಪೂರು

2020ರ ಆಗಸ್ಟ್ 7. ಕೊರೋನಾ ಕಾಲದ ವಂದೇ ಭಾರತ್ ಯೋಜನೆಯಲ್ಲಿ ದುಬೈಯಿಂದ ಹೊರಟ ಐಎಕ್ಸ್-1344 ಕೋಝಿಕ್ಕೋಡಿನ ಕರಿಪ್ಪೂರಿನಲ್ಲಿ ಇಳಿಯುವಾಗ ಟೇಬಲ್‌ಟಾಪ್ ರನ್‌ವೇ ದಾಟಿ ಕೆಳಗೆ ಬಿದ್ದು ತುಂಡಾಯಿತು. 190 ಮಂದಿಯಲ್ಲಿ ಇಬ್ಬರು ಪೈಲಟ್‌ಗಳೂ ಸೇರಿ 21 ಮಂದಿ ತೀರಿಕೊಂಡರು. ಬೆಂಕಿ ಹತ್ತಿಕೊಳ್ಳಲಿಲ್ಲ, ಇಲ್ಲಾಂದ್ರೆ ಸಂಖ್ಯೆ ಎಲ್ಲಿಗೆ ಹೋಗುತ್ತಿತ್ತೋ.

ವಿಮಾನ ಅಪಘಾತ ತನಿಖಾ ಬ್ಯೂರೋ (ಎಎಐಬಿ) 2021ರಲ್ಲಿ ಕೊಟ್ಟ ವರದಿಯನ್ನು ಮಂಗಳೂರಿನ ವರದಿಯ ಪಕ್ಕ ಇಟ್ಟು ಓದಿದರೆ ಮೈ ಜುಂ ಅನ್ನುತ್ತದೆ. ಅದೇ ಕಂಪೆನಿ, ಅದೇ ಮಾದರಿಯ ವಿಮಾನ, ಅದೇ ದುಬೈ ದಾರಿ, ಮತ್ತೊಂದು ಟೇಬಲ್‌ಟಾಪ್. ಇಲ್ಲೂ ಸ್ಥಿರವಿಲ್ಲದ ಇಳಿತ. ರನ್‌ವೇಯ ಅರ್ಧದ ಹತ್ತಿರ ಹೋಗಿ ನೆಲ ತಾಗಿತು. ಇಲ್ಲೂ ಸಹ ಪೈಲಟ್ ಗೋ ಅರೌಂಡ್ ಹೇಳಿದ್ದರು. ಇಲ್ಲೂ ಕ್ಯಾಪ್ಟನ್ ಕೇಳಲಿಲ್ಲ, ಸಹ ಪೈಲಟ್ ನಿಯಂತ್ರಣ ತೆಗೆದುಕೊಳ್ಳಲಿಲ್ಲ. ಬೇರೆ ಇದ್ದದ್ದು ಮಳೆ, ಹಿಂದಿನಿಂದ ಬೀಸುವ ಗಾಳಿ ಮತ್ತು ಸರಿಯಾಗಿ ಕೆಲಸ ಮಾಡದ ವೈಪರ್.

ವರದಿ ಸಂಸ್ಥೆಯೊಳಗಿನ ದೋಷಗಳನ್ನೂ ಹೇಳಿತು. ಕೋಝಿಕ್ಕೋಡ್ ನೆಲೆಯಲ್ಲಿ ಕ್ಯಾಪ್ಟನ್‌ಗಳ ಕೊರತೆ ಇತ್ತು. ಅಂದು ವಿಮಾನ ತಂದ ಕ್ಯಾಪ್ಟನ್‌ಗೆ ಮರುದಿನ ಬೆಳಗ್ಗೆ ಅಲ್ಲಿಂದಲೇ ಇನ್ನೊಂದು ಹಾರಾಟದ ಕೆಲಸ ಹಚ್ಚಲಾಗಿತ್ತು. ಬೇರೆ ನಿಲ್ದಾಣಕ್ಕೆ ತಿರುಗಿಸಿದರೆ ನಾಳೆಯ ಹಾರಾಟ ತಪ್ಪುತ್ತದೆ ಎಂಬ ಒತ್ತಡ ಹೀಗೆ ಒಂದು ರೋಸ್ಟರ್‌ನಿಂದಲೇ ಹುಟ್ಟುತ್ತದೆ.

ಇನ್ನೊಂದು ಸಂಗತಿ ಉಂಟು. ಮಂಗಳೂರು ದುರಂತದ ಮರುವರ್ಷ, 2011ರಲ್ಲೇ, ಸರಕಾರದ ಸುರಕ್ಷತಾ ಸಲಹಾ ಸಮಿತಿಯಲ್ಲಿದ್ದ ಕ್ಯಾಪ್ಟನ್ ಮೋಹನ್ ರಂಗನಾಥನ್ ಅವರು ಕೋಝಿಕ್ಕೋಡಿನ ಬಗ್ಗೆ ಪತ್ರ ಬರೆದಿದ್ದರು. ಮಳೆ ಮತ್ತು ಹಿಂಗಾಳಿ ಇರುವಾಗ ಅಲ್ಲಿನ 10ನೇ ರನ್‌ವೇಯಲ್ಲಿ ಇಳಿಯಲು ಬಿಡಬಾರದು ಅಂತ ಎಚ್ಚರಿಸಿದ್ದರು. 2020ರಲ್ಲಿ ವಿಮಾನ ಬಿದ್ದದ್ದು ಅದೇ 10ನೇ ರನ್‌ವೇಯಲ್ಲಿ, ಮಳೆಯಲ್ಲಿ, ಹಿಂಗಾಳಿಯಲ್ಲಿ.

ಅಂದರೆ ಅಪಾಯ ಯಾರಿಗೂ ಗೊತ್ತಿರಲಿಲ್ಲ ಎಂಬುದು ಎರಡೂ ಕಡೆ ನಿಲ್ಲುವ ಮಾತಲ್ಲ. ಗೊತ್ತಿದ್ದವರು ಹೇಳಿದ್ದರು, ಕಾಕ್‌ಪಿಟ್ ಒಳಗೂ ಹೊರಗೂ. ಕೇಳಿ ಕೆಲಸ ಮಾಡುವ ವ್ಯವಸ್ಥೆ ಇರಲಿಲ್ಲ.

ಹೇಳಿದವನಿಗೇ ಶಿಕ್ಷೆ ಆದರೆ

ಕೆಲಸಗಾರ ತಾನಾಗಿ ಬಂದು ‘ಇಲ್ಲಿ ತೊಂದರೆ ಉಂಟು’ ಅಂತ ಹೇಳಬೇಕಾದರೆ ಅವನಿಗೆ ಭಯ ಇರಬಾರದು. ಅಮೆರಿಕ 1976ರಲ್ಲೇ ಒಂದು ವ್ಯವಸ್ಥೆ ಮಾಡಿತು. ಪೈಲಟ್, ಕಂಟ್ರೋಲರ್, ಮೆಕ್ಯಾನಿಕ್ ಯಾರೇ ಆಗಲಿ, ತಮ್ಮ ಕೈಯಿಂದ ಆದ ತಪ್ಪನ್ನೋ ಕಂಡ ಅಪಾಯವನ್ನೋ ಬರೆದು ಕಳುಹಿಸಬಹುದು. ಅದನ್ನು ನೋಡಿಕೊಳ್ಳುವುದು ಪರವಾನಗಿ ಕೊಡುವ ಇಲಾಖೆಯಲ್ಲ, ನಾಸಾ. ಹೆಸರನ್ನು ತೆಗೆದು ಹಾಕಿ ವಿಷಯವನ್ನು ಮಾತ್ರ ಹಂಚುತ್ತಾರೆ. ಭಾರತದಲ್ಲೂ ಡಿಜಿಸಿಎ ಸ್ವಯಂಪ್ರೇರಿತ ವರದಿಯ ವ್ಯವಸ್ಥೆ ಇಟ್ಟಿದೆ.

ಇದರರ್ಥ ಯಾರಿಗೂ ಶಿಕ್ಷೆಯೇ ಇಲ್ಲ ಅಂತಲ್ಲ. ‘ಜಸ್ಟ್ ಕಲ್ಚರ್’ ಅಂದರೆ ನ್ಯಾಯದ ಸಂಸ್ಕೃತಿ ಎಂಬ ತತ್ವದಲ್ಲಿ ಮೂರು ಬಗೆ ಮಾಡುತ್ತಾರೆ. ಕೈತಪ್ಪಿ ಆದದ್ದಕ್ಕೆ ಸಮಾಧಾನ ಮತ್ತು ವ್ಯವಸ್ಥೆಯ ರಿಪೇರಿ. ರಿಸ್ಕ್ ಗೊತ್ತಾಗದೆ ಅಡ್ಡದಾರಿ ಹಿಡಿದರೆ ತಿದ್ದುವುದು. ಗೊತ್ತಿದ್ದೂ ಪ್ರಯಾಣಿಕರ ಜೀವ ಲೆಕ್ಕಿಸದೆ ಮಾಡಿದರೆ ಶಿಕ್ಷೆ. ಅಂಗಡಿಯ ಹುಡುಗ ತೂಕದಲ್ಲಿ ತಪ್ಪಾಯ್ತು ಅಂತ ತಾನೇ ಬಂದು ಹೇಳಿದ ದಿನ ಅವನ ಸಂಬಳ ಕಡಿದರೆ, ಮುಂದಿನ ಸಲ ತಪ್ಪು ಆಗುತ್ತದೆ, ಹೇಳುವುದು ಮಾತ್ರ ನಿಲ್ಲುತ್ತದೆ. ವಿಮಾನ ಸಂಸ್ಥೆಯಲ್ಲೂ ವರದಿಗಳು ಕಡಿಮೆ ಬರುತ್ತಿವೆ ಅಂದರೆ ಸುರಕ್ಷತೆ ಹೆಚ್ಚಿದೆ ಅಂತ ಖುಷಿ ಪಡುವ ಹಾಗಿಲ್ಲ. ಜನ ಬಾಯಿ ಮುಚ್ಚಿದ್ದಾರೆ ಅಂತಲೂ ಆಗಬಹುದು.

ನಿದ್ದೆಯ ಲೆಕ್ಕ

ರಾತ್ರಿ 2ರಿಂದ ಬೆಳಗ್ಗೆ 6ರ ನಡುವೆ ಮನುಷ್ಯನ ಎಚ್ಚರ ಅತಿ ಕಡಿಮೆ. ಗಲ್ಫ್ ವಿಮಾನಗಳಲ್ಲಿ ಎಷ್ಟೋ ಹಾರುವುದು ಇದೇ ಹೊತ್ತಿನಲ್ಲಿ. ಹಗಲು ವಿಮಾನ ಖಾಲಿ ನಿಲ್ಲಬಾರದು ಎಂಬುದು ಕಂಪೆನಿಯ ಲೆಕ್ಕ, ಟಿಕೆಟ್ ಅಗ್ಗ ಎಂಬುದು ನಮ್ಮ ಲೆಕ್ಕ. ನಡುವೆ ಇರುವುದು ಪೈಲಟ್‌ನ ನಿದ್ದೆ.

ಡಿಜಿಸಿಎ 2024ರ ಜನವರಿಯಲ್ಲಿ ಹೊಸ ನಿಯಮ ತಂದಿತು. ಪೈಲಟ್‌ಗಳ ವಾರದ ವಿಶ್ರಾಂತಿ 36 ಗಂಟೆಯಿಂದ 48 ಗಂಟೆಗೆ ಏರಿತು. ರಾತ್ರಿಯ ಹೊತ್ತಿನ ಲ್ಯಾಂಡಿಂಗ್ ಮಿತಿ 6ರಿಂದ 2ಕ್ಕೆ ಇಳಿಯಿತು. ಕಂಪೆನಿಗಳ ವಿರೋಧದಿಂದ ಅದು ಮುಂದಕ್ಕೆ ಹೋಗಿ, 2025ರ ಜುಲೈ ಮತ್ತು ನವೆಂಬರ್‌ನಲ್ಲಿ ಎರಡು ಹಂತದಲ್ಲಿ ಜಾರಿಯಾಯಿತು. ಡಿಸೆಂಬರ್‌ನಲ್ಲಿ ಇಂಡಿಗೊ ತನ್ನ ಸಾವಿರಾರು ಹಾರಾಟ ರದ್ದು ಮಾಡಬೇಕಾಗಿ ಬಂದು ಜನ ನಿಲ್ದಾಣಗಳಲ್ಲಿ ಪರದಾಡಿದರು. ಕೊನೆಗೆ ಡಿಜಿಸಿಎ ತಾತ್ಕಾಲಿಕ ವಿನಾಯಿತಿ ಕೊಟ್ಟಿತು. ಪ್ರಯಾಣಿಕರಿಗೆ ತೊಂದರೆಯಾದದ್ದು ನಿಜ. ಆದರೆ ಸುಮಾರು ಎರಡು ವರ್ಷ ಮೊದಲೇ ಗೊತ್ತಿದ್ದ ನಿಯಮಕ್ಕೆ ಬೇಕಾದಷ್ಟು ಪೈಲಟ್‌ಗಳನ್ನು ಸಿದ್ಧ ಮಾಡಿಕೊಳ್ಳದೆ ಇರುವುದೂ ರಿಸ್ಕ್ ನಿರ್ವಹಣೆಯ ಸೋಲೇ. ಅದರ ಬೆಲೆಯನ್ನು ವಿಶ್ರಾಂತಿಯಿಂದ ಕಡಿಯುವುದು ಸರಿಯಾದ ದಾರಿಯಲ್ಲ.

ಲಾಭ ಮತ್ತು ರಕ್ಷಣೆ

ಸುರಕ್ಷತೆಗೆ ಹಣ ಬೇಕು, ಹಣ ಬರುವುದು ವ್ಯಾಪಾರದಿಂದ. ಇದನ್ನು ಐಕಾವೊ ಮುಚ್ಚಿಡುವುದಿಲ್ಲ. ಅದರ ಕೈಪಿಡಿಯಲ್ಲಿ ‘ಸೇಫ್ಟಿ ಸ್ಪೇಸ್’ ಎಂಬ ಚಿತ್ರ ಇದೆ. ಎರಡು ಗೋಡೆಗಳ ನಡುವಿನ ದಾರಿ ಅಂದುಕೊಳ್ಳಿ. ಒಂದು ಗೋಡೆ ದಿವಾಳಿತನ, ಇನ್ನೊಂದು ದುರಂತ. ರಕ್ಷಣೆಗೆ ಮಿತಿ ಮೀರಿ ಸುರಿದರೆ ಕಂಪೆನಿ ಮುಳುಗುತ್ತದೆ. ಲಾಭಕ್ಕಾಗಿ ರಕ್ಷಣೆ ಕಡಿದರೆ ವಿಮಾನ ಬೀಳುತ್ತದೆ. ನಡುವೆ ನಡೆಯಬೇಕು.

ತೊಂದರೆ ಏನೆಂದರೆ ಮೊದಲ ಗೋಡೆಯ ದೂರ ಪ್ರತಿ ತಿಂಗಳ ಲೆಕ್ಕದಲ್ಲಿ ಕಾಣುತ್ತದೆ, ಎರಡನೆಯದು ಕಾಣುವುದಿಲ್ಲ. ತಪ್ಪಿದ ಅಪಘಾತ ಯಾವ ಬ್ಯಾಲೆನ್ಸ್ ಶೀಟಿನಲ್ಲೂ ಬರುವುದಿಲ್ಲ. ಆದ ಅಪಘಾತ ಮಾತ್ರ ಬರುತ್ತದೆ, ಅದೂ ವರ್ಷಗಟ್ಟಲೆ. 2009ರಲ್ಲಿ ಭಾರತ ಸೇರಿದ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಪರಿಹಾರ ಎಷ್ಟು ಎಂಬ ವಿಷಯದಲ್ಲಿ ಮಂಗಳೂರಿನ ಕುಟುಂಬಗಳು ಕೋರ್ಟು ಅಲೆಯಬೇಕಾಯಿತು. 2011ರಲ್ಲಿ ಕೇರಳ ಹೈಕೋರ್ಟಿನ ಏಕಸದಸ್ಯ ಪೀಠ ಕನಿಷ್ಠ 75 ಲಕ್ಷ ರೂಪಾಯಿ ಕೊಡಬೇಕು ಅಂದಿತು, ವಿಭಾಗೀಯ ಪೀಠ ಅದನ್ನು ಒಪ್ಪಲಿಲ್ಲ. ಒಂದು ಕುಟುಂಬಕ್ಕೆ 7.64 ಕೋಟಿ ರೂಪಾಯಿ ಪರಿಹಾರ ಅಂತ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟದ್ದು 2020ರ ಮೇಯಲ್ಲಿ, ದುರಂತವಾಗಿ ಹತ್ತು ವರ್ಷಕ್ಕೆ.

ದುರಂತದಿಂದ ಕೆಲವು ಒಳ್ಳೆಯದೂ ಆಯಿತು. ತನಿಖೆಗೆ ಸ್ವತಂತ್ರ ಸಂಸ್ಥೆ ಬೇಕು ಅಂತ ಗೋಖಲೆ ವರದಿ ಶಿಫಾರಸು ಮಾಡಿತ್ತು. 2012ರಲ್ಲಿ ಎಎಐಬಿ ಹುಟ್ಟಿತು. ನಿಯಮ ಮಾಡುವ ಡಿಜಿಸಿಎಯೇ ತನಿಖೆಯನ್ನೂ ಮಾಡಿದರೆ, ಅಂಗಡಿ ಮಾಲಕನೇ ತನ್ನ ಲೆಕ್ಕ ಆಡಿಟ್ ಮಾಡಿದ ಹಾಗೆ. ಹಾಗಿದ್ದರೂ ಎಎಐಬಿ ಕೂಡ ಅದೇ ಸಚಿವಾಲಯದ ಕೆಳಗೆ ಇರುವುದರಿಂದ ಪೂರ್ತಿ ಸ್ವತಂತ್ರ ಅನ್ನಲಾಗದು.

ಪ್ರಯಾಣಿಕರಾದ ನಮ್ಮ ಪಾಲು

ನಾವು ವಿಮಾನ ಓಡಿಸುವುದಿಲ್ಲ. ಆದರೂ ನಮ್ಮ ಕೈಯಲ್ಲೂ ಕೆಲವು ಸಂಗತಿ ಉಂಟು.

ಒಂದು, ಗೋ ಅರೌಂಡ್ ಆದಾಗ, ಮಳೆಗಾಲದಲ್ಲಿ ಬಜ್ಪೆಯ ಬದಲು ಬೆಂಗಳೂರಿಗೋ ಕೊಚ್ಚಿಗೋ ತಿರುಗಿಸಿದಾಗ ಸಿಬ್ಬಂದಿಯ ಮೇಲೆ ಹರಿಹಾಯಬೇಡಿ. ನೆಲ ಕಂಡು ಮತ್ತೆ ಮೇಲೇರಿದ ಪೈಲಟ್ ತನ್ನ ಕೆಲಸ ಸರಿಯಾಗಿ ಮಾಡಿದ್ದಾರೆ. ಮಂಗಳೂರಿನಲ್ಲೂ ಕರಿಪ್ಪೂರಿನಲ್ಲೂ ಆಗಬೇಕಿದ್ದದ್ದು ಅದೇ. ಊಟ, ನೀರು, ವಸತಿಯ ಬಗ್ಗೆ ಕಂಪೆನಿಯನ್ನು ಧಾರಾಳವಾಗಿ ಕೇಳಿ. ಇಳಿಸಲಿಲ್ಲ ಯಾಕೆ ಅಂತ ಮಾತ್ರ ಜಗಳ ಬೇಡ.

ಎರಡು, ಕುಳಿತಷ್ಟು ಹೊತ್ತೂ ಸೀಟ್ ಬೆಲ್ಟ್ ಇರಲಿ. ಹತ್ತಿದ ಕೂಡಲೇ ನಿಮ್ಮ ಸೀಟಿನಿಂದ ಮುಂದಿನ ಮತ್ತು ಹಿಂದಿನ ತುರ್ತು ಬಾಗಿಲಿಗೆ ಎಷ್ಟು ಸಾಲು ಅಂತ ಎಣಿಸಿಡಿ. ಹೊಗೆಯಲ್ಲಿ ಕಣ್ಣು ಕಾಣುವುದಿಲ್ಲ, ಸಾಲು ಮುಟ್ಟಿ ಎಣಿಸಬಹುದು.

ಮೂರು, ತುರ್ತಾಗಿ ಹೊರಗೆ ಹೋಗಬೇಕಾದಾಗ ಬ್ಯಾಗ್ ಮುಟ್ಟಬೇಡಿ. 90 ಸೆಕೆಂಡಿನಲ್ಲಿ, ಅರ್ಧ ಬಾಗಿಲುಗಳಿಂದಲೇ, ಎಲ್ಲರೂ ಹೊರಬರುವಂತೆ ಇರಬೇಕು ಎಂಬುದು ವಿಮಾನ ವಿನ್ಯಾಸದ ನಿಯಮ. ಒಬ್ಬರು ಮೇಲಿನ ಕಪಾಟು ತೆರೆದರೆ ಆ ಲೆಕ್ಕ ತಪ್ಪುತ್ತದೆ.

ನಾಲ್ಕು, ಮುರಿದ ಸೀಟ್, ಕೆಲಸ ಮಾಡದ ಬೆಲ್ಟ್ ಕಂಡರೆ ಸಿಬ್ಬಂದಿಗೆ ಹೇಳಿ, ಕಂಪೆನಿಗೆ ಬರೆಯಿರಿ, ಸರಕಾರದ ಏರ್‌ಸೇವಾದಲ್ಲಿ ದೂರು ದಾಖಲಿಸಿ. ವಾಟ್ಸಾಪ್ ಗ್ರೂಪಿಗೆ ಹಾಕಿದರೆ ಹತ್ತು ಜನ ಬೇಸರಪಡುತ್ತಾರೆ ಅಷ್ಟೇ. ದಾಖಲೆಯಾದರೆ ಉತ್ತರ ಕೊಡಬೇಕಾಗುತ್ತದೆ.

ಐದನೆಯದು ಸಮುದಾಯದ ಕೆಲಸ. ಪ್ರತಿ ವರ್ಷ ಮೇ 22ರಂದು ಕೂಳೂರಿನ ಸ್ಮಾರಕದಲ್ಲಿ ಹೂವಿಟ್ಟು ನಾವು ನೆನೆಯುತ್ತೇವೆ. ಅದರ ಜೊತೆಗೆ ನಮ್ಮ ಸಂಘ ಸಂಸ್ಥೆಗಳು, ಜನಪ್ರತಿನಿಧಿಗಳು ಅದೇ ದಿನ ನಾಲ್ಕು ಪ್ರಶ್ನೆ ಕೇಳಬಹುದು. ಗೋಖಲೆ ವರದಿಯ ಶಿಫಾರಸುಗಳಲ್ಲಿ ಎಷ್ಟು ಜಾರಿಯಾಗಿದೆ? ಬಜ್ಪೆಯ ರನ್‌ವೇ ಕೊನೆಯ ಸುರಕ್ಷಾ ಜಾಗ ಈಗ ಎಷ್ಟು ಮೀಟರ್? ಈ ವರ್ಷ ಎಷ್ಟು ದಿನ ರಾಡಾರ್ ಕೆಟ್ಟಿತ್ತು? ಸ್ಥಿರವಿಲ್ಲದ ಇಳಿತಗಳು ಎಷ್ಟು, ಅದರಲ್ಲಿ ಗೋ ಅರೌಂಡ್ ಆದದ್ದು ಎಷ್ಟು? 2019ರ ಜೂನ್ 30ರಂದು ದುಬೈಯಿಂದ ಬಂದ ಇನ್ನೊಂದು ವಿಮಾನ ಬಜ್ಪೆಯಲ್ಲಿ ಇಳಿದ ಮೇಲೆ ಟ್ಯಾಕ್ಸಿವೇ ಬಿಟ್ಟು ಮಣ್ಣಿಗಿಳಿದು ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಏನೂ ಆಗದ ಅಂಥ ದಿನಗಳಲ್ಲೇ ಕೇಳಬೇಕಾದ ಪ್ರಶ್ನೆಗಳು ಇವು.

ಸಂಸ್ಥೆಯೊಂದು ಸುರಕ್ಷಿತವೇ ಅಂತ ತಿಳಿಯಬೇಕಾದರೆ ಅದರ ಜಾಹೀರಾತು ನೋಡಿ ಪ್ರಯೋಜನವಿಲ್ಲ, ಎಷ್ಟು ವರ್ಷದಿಂದ ಅಪಘಾತ ಆಗಿಲ್ಲ ಎಂಬ ಅಂಕಿಯೂ ಸಾಲದು. 2010ರ ಮೇ 21ರ ರಾತ್ರಿಯವರೆಗೆ ಬಜ್ಪೆಯ ಹೊಸ ರನ್‌ವೇಯ ಅಂಕಿಯೂ ಚೆನ್ನಾಗಿಯೇ ಇತ್ತು. ಅಲ್ಲಿ ಕೆಲಸ ಮಾಡುವ ಅತಿ ಕಿರಿಯನೊಬ್ಬ ‘ನಿಲ್ಲಿಸಿ’ ಅಂದರೆ ಕೆಲಸ ನಿಲ್ಲುತ್ತದೆಯೇ ಅಂತ ಕೇಳಿ. ನಿಲ್ಲುತ್ತದೆ ಅಂತಾದರೆ ಆ ಸಂಸ್ಥೆಯ ವಿಮಾನದಲ್ಲಿ ನಮ್ಮ ಮಕ್ಕಳನ್ನು ಧೈರ್ಯವಾಗಿ ಹತ್ತಿಸಬಹುದು.